ವೈನಿಯ ತಂಗಿ ಹಾಡು ಕೇಳಲು ಬಂದ ದಿನ

ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಫಿಲಿಪೀನ್ಸಿನವಳು. ಅಣ್ಣ ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡುತ್ತಾನೆ. ಮನಿಲಾದಲ್ಲಿ ಹಡಗಿನವರ ಮೈ ತಪಾಸಣೆ ಮಾಡುವ ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ ಅವಳು ಕೂತಿದ್ದಳಂತೆ. ಹದಿನಾಲ್ಕು ವರ್ಷದ ಹಿಂದೆ ಮದುವೆಯಾಗಿ ಅವಳನ್ನು ಮುಂಬೈಯ ಸಾಂತಾಕ್ರೂಜಿನ ನಮ್ಮ ಮನೆಗೆ ಕರಕೊಂಡು ಬಂದ. ಅವ್ವ ಮೊದಲ ಒಂದು ತಿಂಗಳು ಸೊಸೆಯ ಜೊತೆ ಕೈಸನ್ನೆಯಲ್ಲೇ ಮಾತಾಡಿದಳು. ಆಮೇಲೆ ವೈನಿ ಅವ್ವನ ಮಾತು ಕೇಳಿ ಕೇಳಿಯೇ ಕನ್ನಡ ಕಲಿತಳು. ಹಾಗಾಗಿ ಅವಳ ಬಾಯಿಗೆ ಮೊದಲು ಬಂದದ್ದು ಧಾರವಾಡದ ಬೈಗುಳ. ಹಾಲಿನವ ತಡ ಮಾಡಿದರೆ, ಅವನಿಗೆ ತಿಳಿಯಲಿ ಬಿಡಲಿ, "ಎಲ್ಲಿ ಹಾಳಾಗಿ ಹೋಗಿದ್ದೆಪಾ" ಎಂದು ಅವ್ವನ ದನಿಯಲ್ಲೇ ಕೇಳುತ್ತಿದ್ದಳು.

ಈಗ ಅವ್ವ ಇಲ್ಲ. ಅಣ್ಣ ವರ್ಷದಲ್ಲಿ ಏಳೆಂಟು ತಿಂಗಳು ಸಮುದ್ರದಲ್ಲಿರುತ್ತಾನೆ. ಮನೆಯಲ್ಲಿ ವೈನಿ, ಅವಳ ಮಗಳು, ಅಣ್ಣನ ಮದುವೆಯಾಗದ ತಂಗಿ ನಾನು. ವೈನಿ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ರಿಸೆಪ್ಶನ್ ನೋಡಿಕೊಳ್ಳುತ್ತಾಳೆ. ನಾನು ಬೈಕುಲ್ಲಾದ ಒಂದು ಲ್ಯಾಬಿನಲ್ಲಿ ಕೃತಕ ಹಲ್ಲು ಮಾಡುವ ಕೆಲಸಕ್ಕೆ ಹೋಗುತ್ತೇನೆ.

ಹೋದ ವರ್ಷ ಒಂದು ದಿನ ವೈನಿ ಕೆಲಸದಿಂದ ಬಂದವಳು ಚಪ್ಪಲಿ ಬಿಡದೆ ಹಾಗೇ ಬಾಗಿಲಲ್ಲಿ ನಿಂತು ಫೋನಿನಲ್ಲಿ ಒಂದು ಪೋಸ್ಟರ್ ತೋರಿಸಿದಳು. ಅವಳ ಊರಿನ ಕಡೆಯ ಒಂದು ರಾಕ್ ಬ್ಯಾಂಡ್ ಮುಂಬೈಗೆ ಬರುವುದಿತ್ತು. ನಾಲ್ಕು ಗಂಡಸರ ಬ್ಯಾಂಡು. ಅವಳ ಹರೆಯದಲ್ಲಿ ಅವರ ಹಾಡು ಕೇಳದ ಮನೆಯೇ ಇರಲಿಲ್ಲವಂತೆ. ಹಾಡುವವನಿಗೂ ಗಿಟಾರಿನವನಿಗೂ ಜಗಳವಾಗಿ ಬ್ಯಾಂಡು ಮುರಿದು, ಇಬ್ಬರೂ ಮುಖ ನೋಡದೆ ಇಷ್ಟು ವರ್ಷ ಕಳೆದು, ಈಗ ಮತ್ತೆ ಒಂದಾಗಿ ದೇಶ ದೇಶ ತಿರುಗುತ್ತಿದ್ದರು. ಮುಂಬೈಯಲ್ಲಿ ಒಂದೇ ಒಂದು ಕಾರ್ಯಕ್ರಮ, ಬಾಂದ್ರಾದ ಮೈದಾನದಲ್ಲಿ, ಭಾನುವಾರ ಸಂಜೆ ನಾಲ್ಕರಿಂದ.

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಆ ಪೋಸ್ಟರಿನ ಫೋಟೊವನ್ನು ಅವಳು ತನ್ನ ತಂಗಿಗೆ ಕಳಿಸಿದ್ದಳು. "ಬರ್ತೀಯೇನು?" ಅಂತ ಒಂದೇ ಸಾಲು ಬರೆದಿದ್ದಳು. ನಾಲ್ಕು ದಿನ ಉತ್ತರ ಬಂದಿರಲಿಲ್ಲ. ಐದನೆಯ ದಿನ ಬಂದಿತ್ತು: ಭಾನುವಾರ ಮಧ್ಯಾಹ್ನ ಮುಟ್ಟುತ್ತೇನೆ.

ಅಕ್ಕ ತಂಗಿ ಹನ್ನೊಂದು ವರ್ಷದಿಂದ ಮಾತಾಡಿರಲಿಲ್ಲ. ಅದಕ್ಕೆ ಕಾರಣ ನಾನು. ಇಬ್ಬರಿಗೂ ಅದು ಗೊತ್ತಿರಲಿಲ್ಲ.

ನಡೆದದ್ದು ಹೀಗೆ. ಹನ್ನೊಂದು ವರ್ಷದ ಹಿಂದೆ ವೈನಿಗೆ ಏಳು ತಿಂಗಳು ತುಂಬಿತ್ತು. ಅದಕ್ಕೆ ಮೊದಲು ಒಂದು ಬಸಿರು ಹೋಗಿತ್ತು. ಡಾಕ್ಟರು ಹಾಸಿಗೆಯಿಂದ ಏಳಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಅಣ್ಣ ಹಡಗಿನಲ್ಲಿದ್ದ, ಬಂದರು ಮುಟ್ಟುವ ತನಕ ಅವನಿಗೆ ಫೋನ್ ಸಿಗುತ್ತಿರಲಿಲ್ಲ. ಒಂದು ಸಂಜೆ ವೈನಿ ಒಳಗೆ ಮಲಗಿದ್ದಾಗ ಹಾಲ್‌ನಲ್ಲಿ ಚಾರ್ಜಿಗೆ ಹಾಕಿದ್ದ ಅವಳ ಫೋನ್ ರಿಂಗಾಯಿತು. ನಾನು ಎತ್ತಿದೆ. ಆ ಕಡೆ ಅವಳ ತಂಗಿ. ಇಂಗ್ಲಿಷಿನಲ್ಲಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು: ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಉಳಿಯುವುದು ಕಷ್ಟ, ಅಕ್ಕನ ಹೆಸರು ಹಿಡಿದು ಕೇಳುತ್ತಿದ್ದಾಳೆ, ಇವತ್ತೇ ಒಂದು ಸಲ ಫೋನ್ ಮಾಡಲಿಕ್ಕೆ ಹೇಳು. ನಾನು ಹೇಳುತ್ತೇನೆ ಎಂದೆ.

ಅಡಿಗೆಮನೆಗೆ ಹೋಗಿ ಅವ್ವನಿಗೆ ತಿಳಿಸಿದೆ. ಅವ್ವ ಸ್ಟೋವ್ ಸಣ್ಣ ಮಾಡಿದಳು. "ಇವತ್ತ ಹೇಳಬ್ಯಾಡ. ಕೇಳಿದಾಕಿನಽ ಎದ್ದು ಹೊಂಟಬಿಡ್ತಾಳ. ಏನರೆ ಆದ್ರ ನಿಮ್ಮ ಅಣ್ಣಗ ನಾ ಏನ್ ಹೇಳ್ಲಿ" ಎಂದಳು. ನಾನು ಫೋನಿನಿಂದ ಆ ಕಾಲ್ ಅಳಿಸಿ ಹಾಕಿದೆ. ಬೆಳಿಗ್ಗೆ ಮತ್ತೆ ಬರಬಹುದು ಎಂದು ಬಂದ್ ಮಾಡಿಯೇ ಇಟ್ಟೆ. ವೈನಿ ಕೇಳಿದಾಗ ಬ್ಯಾಟರಿ ಕೆಟ್ಟಿದೆ ಎಂದೆ.

ಇಲ್ಲಿಯತನಕದ್ದನ್ನು ಅವ್ವನ ತಲೆಗೆ ಕಟ್ಟಬಹುದು. ಆದರೆ ಮರುದಿನ ಬೆಳಿಗ್ಗೆ ಅವ್ವನ ಮನಸ್ಸು ತಿರುಗಿತ್ತು. ರಾತ್ರಿಯಿಡೀ ನಿದ್ದೆ ಬಂದಿಲ್ಲ, ತಾಯಿ ಮಗಳ ನಡುವೆ ನಿಲ್ಲಬಾರದು, ಹೋಗಿ ಮೆಲ್ಲಕ ಹೇಳು, ನಾನೂ ಬಾಜೂಕ ಕೂಡತೀನಿ ಎಂದಳು. ಬೇಡ ಅಂದವಳು ನಾನು. ನಿನ್ನೆ ಯಾಕೆ ಹೇಳಲಿಲ್ಲ ಎಂದು ವೈನಿ ಕೇಳಿದರೆ ಏನನ್ನಲಿ ಎಂಬ ಅಂಜಿಕೆ ನನಗೆ. ಅಣ್ಣ ಬಂದರಿನಿಂದ ಫೋನ್ ಮಾಡಲಿ, ಅವನೇ ಹೇಳಲಿ ಎಂದು ಅವ್ವನನ್ನು ಒಪ್ಪಿಸಿದೆ. ಮೂರನೆಯ ದಿನ ಬಂದರು ಮುಟ್ಟಿದ ಅಣ್ಣನಿಗೆ ವೈನಿಯ ತಂಗಿಯ ಸಂದೇಶ ಸಿಕ್ಕಿತು, ಅವನೇ ವೈನಿಗೆ ಹೇಳಿದ. ಅಷ್ಟರಲ್ಲಿ ಆ ತಾಯಿ ಹೋಗಿಬಿಟ್ಟಿದ್ದಳು.

ವೈನಿ ಹಾಸಿಗೆಯಲ್ಲೇ ಗೋಡೆಗೆ ಮುಖ ಮಾಡಿ ಅತ್ತಳು. ತಂಗಿ ಬರೆದಳು: ನಾನು ಫೋನ್ ಮಾಡಿದ್ದೆ, ನೀನು ತಿರುಗಿ ಮಾಡಲಿಲ್ಲ. ಇವಳು ಬರೆದಳು: ಯಾವ ಫೋನೂ ಬರಲಿಲ್ಲ, ಸುಳ್ಳು ಹೇಳಬೇಡ. ಅಲ್ಲಿಗೆ ಮುಗಿಯಿತು. ಎರಡು ತಿಂಗಳಿಗೆ ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿ. ನಾನು ಆ ಕೂಸನ್ನು ಎತ್ತಿ ಆಡಿಸಿದಾಗಲೆಲ್ಲ, ನೋಡು, ಒಳ್ಳೆಯದೇ ಆಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಮೂರು ವರ್ಷದ ಹಿಂದೆ ಅವ್ವ ಸಾಯುವಾಗಲೂ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ.

ಭಾನುವಾರ ವೈನಿಗೆ ಮೂರು ಗಂಟೆಯ ತನಕ ಡ್ಯೂಟಿ ಇತ್ತು. ಏರ್‌ಪೋರ್ಟಿಗೆ ನಾನು ಹೋಗಬೇಕಾಯಿತು. ತಲೆನೋವು ಎಂದು ತಪ್ಪಿಸಿಕೊಳ್ಳಲು ನೋಡಿದೆ. ವೈನಿ ಕೇಳಲಿಲ್ಲ. ಮಗಳನ್ನು ಕೆಳಗಿನ ಮನೆಯವರ ಹತ್ತಿರ ಬಿಟ್ಟು ಹೊರಟೆ.

ತಂಗಿಯನ್ನು ಗುರುತಿಸಲು ಕಷ್ಟವಾಗಲಿಲ್ಲ. ವೈನಿಯದೇ ಹಣೆ, ವೈನಿಯದೇ ನಡಿಗೆ. ದೋಹಾದ ಆಸ್ಪತ್ರೆಯಲ್ಲಿ ನರ್ಸ್. ಒಂದೇ ಒಂದು ಸಣ್ಣ ಬ್ಯಾಗು ತಂದಿದ್ದಳು. ಮರುದಿನವೇ ವಾಪಸ್ ಹೋಗಲು ತಯಾರಾಗಿ ಬಂದವಳ ಹಾಗೆ. ನಾನು ನಿನ್ನ ಅಕ್ಕನ ಗಂಡನ ತಂಗಿ ಎಂದೆ. ನನ್ನ ದನಿ ಕೇಳಿದ ಕೂಡಲೇ ಅವಳು ನನ್ನ ಮುಖವನ್ನೇ ನೋಡತೊಡಗಿದಳು.

ಟ್ಯಾಕ್ಸಿ ಹೈವೇಗೆ ಬಂದು ನಿಂತಲ್ಲೇ ನಿಂತಿತು. ಮುಂದೆ ಎಲ್ಲಿಯೋ ಬಸ್ಸು ಕೆಟ್ಟಿತ್ತು. ಕಿಟಕಿಯಿಂದ ಬಿಸಿ ಗಾಳಿ ಬರುತ್ತಿತ್ತು. ಆಗ ಅವಳು ಕೇಳಿದಳು, ಆವಾಗ ನೀನು ಅದೇ ಮನೆಯಲ್ಲಿ ಇದ್ದೆಯಾ ಅಂತ. ಯಾವಾಗ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಹಗಲೆಲ್ಲ ಕೆಲಸಕ್ಕೆ ಹೋಗುತ್ತಿದ್ದೆ, ಮನೆಗೆ ಬರುವುದು ತಡವಾಗುತ್ತಿತ್ತು ಎಂದೆ. ಅದು ಸುಳ್ಳು ಅಂತ ಅವಳಿಗೆ ತಿಳಿಯಿತೋ ಏನೋ. ಬ್ಯಾಗಿನಿಂದ ಒಂದು ಹಳೆಯ ಡೈರಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ನರ್ಸುಗಳಿಗೆ ಹೊತ್ತು ಬರೆದಿಡುವ ಚಟ, ಅವತ್ತು ಅಮ್ಮನ ಹಾಸಿಗೆಯ ಪಕ್ಕ ಕೂತು ಎಲ್ಲ ಬರೆದಿದ್ದೇನೆ ಎಂದಳು. ಯಾವಾಗ ಜ್ವರ ಏರಿತು, ಯಾವಾಗ ನೀರು ಕುಡಿದಳು, ಯಾವಾಗ ಮುಂಬೈಗೆ ಫೋನ್ ಮಾಡಿದೆ, ಯಾರು ಎತ್ತಿದರು. "ಹೆಂಗಸಿನ ದನಿ, ವಯಸ್ಸಾದವಳದ್ದಲ್ಲ" ಎಂದು ಬರೆದದ್ದನ್ನು ಓದಿ ಹೇಳಿದಳು.

ಅಕ್ಕನಿಗೆ ತೋರಿಸಲೆಂದೇ ತಂದಿದ್ದೀಯಾ ಎಂದು ಕೇಳಿದೆ. ಹೌದು ಅಂದಳು. ಹಾಡು ಮುಗಿದ ಮೇಲೆ ತೋರಿಸುತ್ತೇನೆ, ಮೊದಲೇ ತೋರಿಸಿ ಅವಳ ಸಂಜೆ ಕೆಡಿಸುವುದಿಲ್ಲ. ಇಷ್ಟು ಹೇಳಿ ಡೈರಿ ಒಳಗಿಟ್ಟಳು.

ವೈನಿ ಹೋಟೆಲಿನ ಯೂನಿಫಾರ್ಮಿನಲ್ಲೇ ಬಾಂದ್ರಾದ ಮೈದಾನದ ಗೇಟಿನ ಹತ್ತಿರ ನಿಂತಿದ್ದಳು. ಅಕ್ಕ ತಂಗಿ ಅಪ್ಪಿಕೊಳ್ಳಲಿಲ್ಲ. ವೈನಿ ಕೈ ಚಾಚಿ ಅವಳ ಬ್ಯಾಗು ಇಸಿದುಕೊಳ್ಳಲು ಹೋದಳು, ಅವಳು ಕೊಡಲಿಲ್ಲ. ಊಟ ಆಯಿತೇ ಅಂತ ಕೇಳಿದಳೆಂದು ಕಾಣುತ್ತದೆ, ತಂಗಿ ತಲೆಯಾಡಿಸಿದಳು. ವೈನಿ ಬೆಳಿಗ್ಗೆ ಐದಕ್ಕೇ ಎದ್ದು ತೆಂಗಿನಹಾಲು ಹಾಕಿ ಅಕ್ಕಿಯ ಸಿಹಿ ಬೇಯಿಸಿ ಡಬ್ಬಿ ತುಂಬಿಕೊಂಡಿದ್ದಳು. ಅದನ್ನು ಗೇಟಿನಲ್ಲಿ ಒಳಗೆ ಬಿಡಲಿಲ್ಲ. ಸೆಕ್ಯುರಿಟಿಯವನ ಮೇಜಿನ ಕೆಳಗೆ ಬಿಟ್ಟು ಬಂದೆವು.

ಮುಂಬೈಯಲ್ಲಿ ಇಷ್ಟೊಂದು ಫಿಲಿಪೀನ್ಸಿನವರು ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಹೋಟೆಲುಗಳಲ್ಲಿ ಹಾಡುವವರು, ಸ್ಪಾಗಳಲ್ಲಿ ಕೆಲಸ ಮಾಡುವವರು, ದೊಡ್ಡ ಮನೆಗಳ ಮಕ್ಕಳನ್ನು ನೋಡಿಕೊಳ್ಳುವವರು, ರಜೆ ಸಿಕ್ಕ ಹಡಗಿನವರು. ಸ್ಟೇಜಿನ ಎಡಕ್ಕೆ ಎಲ್ಲರೂ ಒಟ್ಟಾಗಿ ನಿಂತು ಒಂದೇ ಸಮ ಮಾತಾಡುತ್ತಿದ್ದರು. ಎಲ್ಲರ ಮಾತಿಗೂ ಒಂದೇ ವಿಷಯ. ವೈನಿ ನನಗೆ ಬಿಡಿಸಿ ಹೇಳಿದಳು: ಹಾಡುವವನೂ ಗಿಟಾರಿನವನೂ ಸ್ಟೇಜಿನ ಮೇಲೆ ಒಬ್ಬರನ್ನೊಬ್ಬರು ನೋಡುತ್ತಾರೋ ಇಲ್ಲವೋ. ಹಿಂದಿನ ಎರಡು ಊರುಗಳಲ್ಲಿ ನೋಡಿರಲಿಲ್ಲವಂತೆ.

ಮೊದಲು ಬೇರೆ ಬೇರೆ ಬ್ಯಾಂಡುಗಳು ನುಡಿಸಿ ಹೋದವು. ಐದೂವರೆಗೆ ಇವರು ಬಂದರು. ನಾಲ್ವರೂ ನಮ್ಮ ಕಾಕಾಗಳ ವಯಸ್ಸಿನವರು. ಡ್ರಮ್ ಬಾರಿಸುವವ ಕನ್ನಡಕ ಏರಿಸಿ ಹಾಳೆ ನೋಡಿಕೊಂಡ. ಹಾಡುವವ ಒಂದು ತುದಿಗೆ, ಗಿಟಾರಿನವ ಇನ್ನೊಂದು ತುದಿಗೆ ನಿಂತರು. ನಡುವೆ ಒಂದು ಲಾರಿ ದಾಟಿಸುವಷ್ಟು ಜಾಗ. ಮೊದಲ ಹಾಡಿನ ಎರಡನೆಯ ಸಾಲಿಗೇ ಹಾಡುವವನ ದನಿ ಒಡೆಯಿತು. ಜನ ಆ ಸಾಲನ್ನು ಎತ್ತಿಕೊಂಡು ಹಾಡಿ ಅವನನ್ನು ದಾಟಿಸಿದರು.

ನನಗೆ ಹಾಡಿನ ಅರ್ಥ ತಿಳಿಯುತ್ತಿರಲಿಲ್ಲ. ನಾನು ಹಾಡು ಎಣಿಸುತ್ತಿದ್ದೆ. ಒಂದು ಗಂಟೆ ನುಡಿಸುತ್ತಾರೆ, ಹನ್ನೆರಡು ಹಾಡು ಇರಬಹುದು ಎಂದು ವೈನಿ ಹೇಳಿದ್ದಳು. ಒಂದೊಂದು ಹಾಡು ಮುಗಿದಾಗಲೂ ಜನ ಕುಣಿಯುತ್ತಿದ್ದರು, ನಾನು ಇನ್ನೆಷ್ಟು ಉಳಿದವು ಎಂದು ಲೆಕ್ಕ ಹಾಕುತ್ತಿದ್ದೆ. ಈಗಲೇ ಹೊರಗೆ ಹೋಗಿಬಿಡಲೇ, ಫೋನ್ ಬಂತೆಂದು ನೆಪ ಹೇಳಲೇ, ತಂಗಿಯನ್ನು ಪಕ್ಕಕ್ಕೆ ಕರೆದು ಕೈಕಾಲು ಹಿಡಿಯಲೇ ಎಂದೆಲ್ಲ ಯೋಚಿಸಿದೆ. ತಂಗಿ ನನ್ನ ಎಡಕ್ಕೆ ಬ್ಯಾಗನ್ನು ಎದೆಗೆ ಒತ್ತಿ ಹಿಡಿದು ಮರದ ಹಾಗೆ ನಿಂತಿದ್ದಳು. ವೈನಿ ಬಲಕ್ಕೆ.

ಐದನೆಯ ಹಾಡು ನಿಧಾನದ್ದು. ವೈನಿ ತುಟಿಯಲ್ಲೇ ಹಾಡಲು ಶುರು ಮಾಡಿದಳು. ಎರಡು ಸಾಲು ಆಗಿರಬೇಕು, ನನ್ನ ಎಡಗಡೆಯಿಂದ ಇನ್ನೊಂದು ದನಿ ಸೇರಿತು. ಮೇಲಿನ ಶ್ರುತಿ. ಇಬ್ಬರೂ ಸ್ಟೇಜನ್ನೇ ನೋಡುತ್ತಿದ್ದರು. ಚಿಕ್ಕವರಿದ್ದಾಗ ಒಂದೇ ಕ್ಯಾಸೆಟ್ ಹಾಕಿ ಹೀಗೆ ಎರಡು ದನಿಯಲ್ಲಿ ಹಾಡುತ್ತಿದ್ದರಂತೆ, ಅಮ್ಮ ಬಟ್ಟೆ ಒಗೆಯುತ್ತ ಕೇಳುತ್ತಿದ್ದಳಂತೆ. ಅದನ್ನು ವೈನಿ ಎಷ್ಟೋ ಸಲ ನನಗೆ ಹೇಳಿದ್ದಳು. ಇಬ್ಬರ ದನಿಯ ನಡುವೆ ನಾನು ನಿಂತಿದ್ದೆ. ಒಂದು ಹೆಜ್ಜೆ ಹಿಂದೆ ಸರಿದೆ. ಅವರು ಹತ್ತಿರ ಬರಲಿಲ್ಲ. ನಾನು ಬಿಟ್ಟ ಜಾಗ ಹಾಗೇ ಉಳಿಯಿತು.

ಏಳನೆಯ ಹಾಡಿನ ನಡುವೆ ಒಮ್ಮೆಲೇ ದನಿ ನಿಂತಿತು. ಸ್ಟೇಜಿನ ದೀಪಗಳೂ ಹೋದವು. ಜನರೇಟರ್ ಕೈಕೊಟ್ಟಿತ್ತು. ಸ್ವಲ್ಪ ತಾಳಿ, ಸರಿಪಡಿಸುತ್ತಾರೆ ಎಂದು ಯಾರೋ ಕೂಗಿ ಹೇಳಿದರು. ಇನ್ನೂ ಬೆಳಕಿತ್ತು. ಐದು ನಿಮಿಷ, ಹತ್ತು ನಿಮಿಷ ಕಳೆಯಿತು. ಮುಂದೆ ಹಾಡು ಇರುವುದಿಲ್ಲ ಎಂದು ಕೆಲವರು ಹೊರಡಲೂ ಶುರು ಮಾಡಿದರು. ಆಗ ತಂಗಿ ಬ್ಯಾಗಿನ ಜಿಪ್ ಎಳೆದಳು.

ಡೈರಿಯನ್ನು ತೆರೆದು ವೈನಿಯ ಕೈಗೆ ಕೊಟ್ಟಳು. ತಮ್ಮ ಭಾಷೆಯಲ್ಲಿ ಏನೋ ಹೇಳಿದಳು, ಬೆರಳಿಟ್ಟು ತೋರಿಸಿದಳು. ವೈನಿ ಓದಿದಳು. ಓದಿ ತಲೆಯಲ್ಲಾಡಿಸಿದಳು, ಇಲ್ಲ, ಇಲ್ಲ ಎನ್ನುವ ಹಾಗೆ. ತಂಗಿಯ ದನಿ ಏರಿತು. ವೈನಿಯ ದನಿಯೂ ಏರಿತು. ಅಕ್ಕಪಕ್ಕದವರು ತಿರುಗಿ ನೋಡಿದರು. ಇಬ್ಬರೂ ಹನ್ನೊಂದು ವರ್ಷದ ಹಿಂದಿನ ಅದೇ ಜಗಳವನ್ನು, ನೀನು ಸುಳ್ಳು, ನೀನು ಸುಳ್ಳು ಎಂಬುದನ್ನು ಮತ್ತೆ ಆಡುತ್ತಿದ್ದಾರೆ ಎಂದು ತಿಳಿಯಲು ನನಗೆ ಆ ಭಾಷೆ ಬೇಕಾಗಿರಲಿಲ್ಲ. ತಂಗಿ ಡೈರಿ ಕಿತ್ತುಕೊಂಡು ಗೇಟಿನ ಕಡೆ ತಿರುಗಿದಳು. ಅವಳು ಹೋದರೆ ಇನ್ನು ಬರುವವಳಲ್ಲ. ಹೋಗಲಿ ಬಿಡು, ನಾನು ಉಳಿದುಕೊಂಡೆ ಎಂದು ಒಂದು ಗಳಿಗೆ ನನ್ನ ಮನಸ್ಸಿಗೆ ಹಾಯೆನಿಸಿದ್ದೂ ನಿಜ. ಅದನ್ನು ಬರೆಯದೆ ಬಿಟ್ಟರೆ ಇದನ್ನೆಲ್ಲ ಬರೆದು ಉಪಯೋಗವಿಲ್ಲ.

ನಾನು ಅವಳ ತೋಳು ಹಿಡಿದೆ. ಮೊದಲು ಇಂಗ್ಲಿಷಿನಲ್ಲಿ ಅವಳಿಗೆ, ಆಮೇಲೆ ಕನ್ನಡದಲ್ಲಿ ವೈನಿಗೆ ಹೇಳಿದೆ. "ಫೋನ್ ಎತ್ತಿದಾಕಿ ನಾನು, ವೈನಿ. ನಿಮಗ ಹೇಳಲಿಲ್ಲ."

ವೈನಿಗೆ ಅರ್ಥವಾಗಲಿಲ್ಲ ಎಂದುಕೊಂಡು ಇನ್ನೊಮ್ಮೆ ಹೇಳಲು ಹೊರಟೆ. ಅವಳು ಕೈ ಎತ್ತಿ ತಡೆದಳು. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಎಂದೋ ತಪ್ಪಿದ ಲೆಕ್ಕವನ್ನು ಈಗ ತಾಳೆ ನೋಡುತ್ತಿರುವವರ ಹಾಗೆ ನೆಲ ನೋಡುತ್ತ ನಿಂತಳು. ಆಮೇಲೆ ಕೇಳಿದಳು:

"ಅವ್ವ ಹೇಳಬ್ಯಾಡ ಅಂದ್ಲೇನು?"

ಅವಳಿಗೆ ಅವ್ವನ ಮೇಲೆ ಬಹಳ ಪ್ರೀತಿ ಇತ್ತು. ಹೌದು ಎಂದಿದ್ದರೆ ಆ ಪ್ರೀತಿ ಅಲ್ಲೇ ಸಾಯುತ್ತಿತ್ತು, ನನ್ನ ಪಾಲಿಗೆ ಅರ್ಧ ತಪ್ಪು ಉಳಿಯುತ್ತಿತ್ತು.

"ಒಂದ್ ರಾತ್ರಿ ಬ್ಯಾಡ ಅಂದ್ಲು. ಮುಂಜಾನೆ ಹೇಳು ಅಂದ್ಲು. ನಾನಽ ಹೇಳಲಿಲ್ಲ. ಫೋನ್ ಬಂದ್ ಮಾಡಿದ್ದೂ ನಾನಽ."

ವೈನಿ ತಲೆಯಾಡಿಸಿದಳು. ಡಬ್ಬಿ ಇಟ್ಟಿದ್ದ ಗೇಟಿನ ಕಡೆಗೂ ಅಲ್ಲ, ನಮ್ಮ ಕಡೆಗೂ ಅಲ್ಲ, ಗುಂಪಿನೊಳಗೆ ಸ್ಟೇಜಿನ ಕಡೆ ನಡೆದು ಹೋದಳು. ಅವಳ ಯೂನಿಫಾರ್ಮಿನ ನೀಲಿ ಕೋಟು ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಕಾಣಲಿಲ್ಲ.

ತಂಗಿ ನನ್ನ ಎದುರಿಗೇ ಇದ್ದಳು. ಬೈಯುತ್ತಾಳೆ ಎಂದು ನಾನು ಕಾದೆ. ಅವಳು ನರ್ಸಿನ ದನಿಯಲ್ಲಿ ಪ್ರಶ್ನೆ ಕೇಳಿದಳು. ಎಷ್ಟು ವಾರ ಆಗಿತ್ತು, ರಕ್ತ ಹೋಗುತ್ತಿತ್ತೇ, ಬಿಪಿ ಎಷ್ಟಿತ್ತು, ಮೊದಲನೆಯದು ಎಷ್ಟನೆಯ ತಿಂಗಳಿಗೆ ಹೋದದ್ದು. ಗೊತ್ತಿದ್ದುದನ್ನು ಹೇಳಿದೆ. ಅವಳಿಗೆ ಅಕ್ಕ ಹಾಸಿಗೆ ಹಿಡಿದಿದ್ದೇ ಗೊತ್ತಿರಲಿಲ್ಲ. ಊರಿನವರಿಗೆ ಚಿಂತೆ ಹಚ್ಚಬಾರದೆಂದು ವೈನಿ ಮುಚ್ಚಿಟ್ಟಿದ್ದಳು. ಎಲ್ಲ ಕೇಳಿ ಅವಳು ಡೈರಿಯನ್ನು ಬ್ಯಾಗಿಗೆ ಹಾಕಿದಳು.

ಅಕ್ಕ ಬರಲಿ ಎಂದು ನಾನು ಕೇಳಿರಲಿಲ್ಲ, ಒಂದು ಫೋನ್ ಅಷ್ಟೇ ಕೇಳಿದ್ದೆ ಎಂದಳು. ಮಲಗಿದಲ್ಲಿಂದಲೇ ಮಾತಾಡಬಹುದಿತ್ತು. ಅಮ್ಮನಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ, ಆದರೆ ಕಿವಿ ಕೇಳುತ್ತಿತ್ತು. ಫೋನನ್ನು ಅವಳ ಕಿವಿಗೆ ಹಿಡಿಯಬೇಕೆಂದು ಎರಡು ರಾತ್ರಿ ಕೈಯಲ್ಲೇ ಹಿಡಿದು ಕೂತಿದ್ದೆ ಎಂದಳು.



ಅಷ್ಟರಲ್ಲಿ ದೀಪಗಳು ಬಂದವು. ಜನ ಹೋ ಎಂದರು. ತಂಗಿ ಬ್ಯಾಗನ್ನು ಹೆಗಲಿಗೆ ಏರಿಸಿ ಗುಂಪಿನೊಳಗೆ ಅಕ್ಕನನ್ನು ಹುಡುಕಿಕೊಂಡು ಹೋದಳು. ಉಳಿದ ಹಾಡುಗಳನ್ನು ನಾನು ಒಬ್ಬಳೇ ನಿಂತು ಕೇಳಿದೆ. ಕೊನೆಯ ಹಾಡಿನ ಹೊತ್ತಿಗೆ ಎಡಗಡೆಯ ಫಿಲಿಪೀನ್ಸಿನವರೆಲ್ಲ ಒಮ್ಮೆಲೇ ಕಿರುಚಿದರು. ಗಿಟಾರಿನವ ತನ್ನ ತುದಿಯಿಂದ ನಡೆದು ಬಂದು ಹಾಡುವವನ ಮೈಕಿನಲ್ಲಿ ಎರಡು ಸಾಲು ಹಾಡಿ ಮತ್ತೆ ತನ್ನ ಜಾಗಕ್ಕೆ ಹೋಗಿದ್ದನಂತೆ. ನನ್ನ ಮುಂದೆ ಎತ್ತರದವನೊಬ್ಬ ನಿಂತಿದ್ದ, ನನಗೆ ಕಾಣಲಿಲ್ಲ. ಪಕ್ಕದ ಹೆಂಗಸು ಅಳುತ್ತ ನನ್ನ ಕೈ ಹಿಡಿದು ಹೇಳಿದಳು.

ಗೇಟಿನಲ್ಲಿ ಕಾದೆ. ಬಹಳ ಹೊತ್ತಿನ ಮೇಲೆ ಇಬ್ಬರೂ ಬಂದರು. ಇಬ್ಬರ ಕಣ್ಣೂ ಕೆಂಪಾಗಿದ್ದವು. ಕೈ ಹಿಡಿದುಕೊಂಡಿರಲಿಲ್ಲ, ಆದರೆ ತಂಗಿಯ ಬ್ಯಾಗು ವೈನಿಯ ಹೆಗಲಲ್ಲಿತ್ತು. ರಿಕ್ಷಾದಲ್ಲಿ ಮೂವರು ಕೂರಬಹುದು. ವೈನಿ ಮುಂದೆ ನೋಡುತ್ತಲೇ ಹೇಳಿದಳು, "ನೀ ಬ್ಯಾರೆ ರಿಕ್ಷಾದಾಗ ಬಾ." ನಾನು ಸ್ಟೇಷನ್ನಿಗೆ ನಡೆದು ಹೋಗಿ ಲೋಕಲ್ ಹಿಡಿದೆ.

ತಂಗಿ ಮರುದಿನ ಹೋಗಲಿಲ್ಲ, ನಾಲ್ಕು ದಿನ ಇದ್ದಳು. ಅಷ್ಟೂ ದಿನ ನಾನು ಅಡಿಗೆ ಮಾಡಿ ಬಡಿಸಿದೆ, ಅವರು ಉಂಡರು. ಅಣ್ಣನಿಗೆ ವೈನಿಯೇ ಫೋನಿನಲ್ಲಿ ಹೇಳಿದಳು. ಅವನು ನನ್ನ ಜೊತೆ ಮಾತಾಡಿದಾಗ, ಅವ್ವನ ತಲೆಗೆ ಕಟ್ಟದೆ ಇದ್ದದ್ದು ಒಳ್ಳೆಯದಾಯಿತು ಎಂದಷ್ಟೇ ಹೇಳಿದ. ನಾನು ಬೇರೆ ಮನೆ ನೋಡಿಕೊಳ್ಳುತ್ತೇನೆ ಎಂದು ವೈನಿಗೆ ಹೇಳಿದೆ. ಆದರೆ ಹೋಗಲಿಲ್ಲ. ಒಂದೇ ಮನೆಯಲ್ಲಿ ನಾಲ್ಕು ತಿಂಗಳು ಬೇಕಾದಷ್ಟೇ ಮಾತು: ಗ್ಯಾಸ್ ಬಂತು, ನೀರು ಹೋಯಿತು, ಮಗಳ ಸ್ಕೂಲಿಗೆ ಯಾರು ಹೋಗುತ್ತಾರೆ. ಆಮೇಲೆ ಮೆಲ್ಲಗೆ ಇನ್ನಷ್ಟು ಮಾತು ಸೇರಿದವು. ಮೊದಲಿನಷ್ಟು ಸೇರಲಿಲ್ಲ. ಕ್ಷಮಿಸಿದೆ ಎಂದು ಅವಳು ಹೇಳಿಲ್ಲ, ನಾನು ಕೇಳಿಯೂ ಇಲ್ಲ. ಅಕ್ಕ ತಂಗಿ ಮಾತ್ರ ದಿನಾ ಫೋನಿನಲ್ಲಿ ಮಾತಾಡುತ್ತಾರೆ, ಒಮ್ಮೊಮ್ಮೆ ಜಗಳವನ್ನೂ ಆಡುತ್ತಾರೆ.

ಮಗಳಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿದ್ದಾಗಲೇ ವೈನಿ ಹೇಳಿಬಿಟ್ಟಿದ್ದಳು. ಒಂದು ಸಂಜೆ ಹುಡುಗಿ ನನ್ನ ಹತ್ತಿರ ಬಂದು ಕೂತಳು. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಆದರೆ ಬಾಯಿಗೆ ಮೊದಲು ಬರುವುದು ಹಿಂದಿ. ಹೋಂವರ್ಕಿನ ಪುಸ್ತಕ ತೆರೆದಿಟ್ಟುಕೊಂಡಳು.

"ಅತ್ಯಾ, ವೊ ಸಬ್ ಮೇರೀ ವಜಹ್ ಸೆ ಹುವಾ ಕ್ಯಾ? ನಾ ಹೊಟ್ಟ್ಯಾಗ ಇದ್ದೆ ಅಂತ?" ಅದೆಲ್ಲ ತನ್ನಿಂದಲೇ ಆಯಿತೇ ಎಂದು ಅವಳ ಪ್ರಶ್ನೆ.

"ಇಲ್ಲ," ಎಂದೆ. "ನೀ ಏನೂ ಮಾಡಿಲ್ಲ. ನನಗ ಅಂಜಿಕಿ ಆಗಿತ್ತು, ಅದಕ್ಕ."

ಯಾರ ಅಂಜಿಕೆ ಎಂದು ಕೇಳಿದಳು. ವೈನಿ ಒಳಗೆ ಬಟ್ಟೆ ಮಡಿಸುತ್ತಿದ್ದಳು, ಅವಳ ಕೈ ನಿಂತದ್ದು ನನಗೆ ಕಾಣುತ್ತಿತ್ತು. ನಾನು ಮೊದಲಿನಿಂದ ಹೇಳಲು ಶುರು ಮಾಡಿದೆ.